ನೀವು ಆ ಕಡೆಯವರಾ?

ಅಮ್ಮಿನಬಾವಿಯ ಹೆಸರು ಪತ್ರಿಕೆಯಲ್ಲಿ ಬರುವುದು ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬಾರದ ದಿನ. ಸವದತ್ತಿಯ ರೇಣುಕಾಸಾಗರದಿಂದ ಹೊರಟ ಮಲಪ್ರಭೆ ಇಲ್ಲಿನ ಶುದ್ಧೀಕರಣ ಘಟಕದಲ್ಲಿ ಮೈ ತೊಳೆದುಕೊಂಡು ಅವಳಿ ನಗರಕ್ಕೆ ಹೋಗಬೇಕು. ಇಲ್ಲಿ ಕರೆಂಟು ಕೈಕೊಟ್ಟರೆ ಹುಬ್ಬಳ್ಳಿಯ ಓಣಿಗಳಲ್ಲಿ ಕೊಡ ಹಿಡಿದ ಹೆಂಗಸರು ಅಮ್ಮಿನಬಾವಿಯ ಹೆಸರು ತೆಗೆದು ಬೈಯುತ್ತಾರೆ. ಉಳಿದ ದಿನಗಳಲ್ಲಿ ಈ ಊರಿಗೆ ಸುದ್ದಿಯಾಗುವ ಯೋಗ್ಯತೆ ಇಲ್ಲ. ಹಳೆಯ ಬಸದಿ ಇದೆ, ಹಿರೇಮಠ ಇದೆ, ಸುತ್ತ ಎರಿ ಹೊಲ ಇದೆ. ಇವು ಯಾವುವೂ ಬ್ರೇಕಿಂಗ್ ನ್ಯೂಸ್ ಅಲ್ಲ.

ಇಂಥ ಊರಿನ ಹುಡುಗನೊಬ್ಬನಿಗೆ ನಟನಾಗುವ ಹುಚ್ಚು ಹಿಡಿಯಿತು ಎಂದುಕೊಳ್ಳಿ. ಅವನಿಗೊಂದು ಹೆಸರಿಡುವ ಗೋಜಿಗೆ ನಾನು ಹೋಗುವುದಿಲ್ಲ. ಇಟ್ಟರೂ ಸಿನಿಮಾದವರು ಬದಲಿಸುತ್ತಾರೆ.

ಹುಚ್ಚು ಹಿಡಿದದ್ದು ಜಾತ್ರೆಯ ಸಾಮಾಜಿಕ ನಾಟಕದಲ್ಲಿ. ನಮ್ಮ ಕಡೆಯ ಸಾಮಾಜಿಕ ನಾಟಕದ ಹೆಸರಿನಲ್ಲಿ ತಾಯಿ, ತಾಳಿ, ರಕ್ತ ಈ ಮೂರರಲ್ಲಿ ಒಂದು ಕಡ್ಡಾಯ. ನಾಯಕಿಯನ್ನು ದುಡ್ಡು ಕೊಟ್ಟು ಹೊರಗಿನಿಂದ ಕರೆಸುತ್ತಾರೆ, ನಾಯಕ ಮಾತ್ರ ಊರವನೇ ಆಗಬೇಕು. ಹುಡುಗನಿಗೆ ನಾಯಕನ ಪಾತ್ರ ಸಿಕ್ಕಿತು ಎನ್ನುವುದಕ್ಕಿಂತ ಅವನಪ್ಪ ಪೆಂಡಾಲಿನ ಖರ್ಚು ಹೊತ್ತ ಎನ್ನುವುದು ನಿಜಕ್ಕೆ ಹತ್ತಿರ. ಬೆಳತನಕ ನಡೆದ ನಾಟಕದಲ್ಲಿ ಅವನು ಎರಡು ಸಲ ಸತ್ತ. ಮೊದಲನೆಯ ಸಾವಿಗೆ ಒನ್ಸ್ ಮೋರ್ ಬಿದ್ದದ್ದರಿಂದ ಎರಡನೆಯದು.

ಹುಡುಗ ಬುದ್ಧಿವಂತ. ಇಷ್ಟರಿಂದಲೇ ನಟನಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಧಾರವಾಡದ ರಂಗಾಯಣದ ಅಂಗಳದಲ್ಲಿ ಎರಡು ಶಿಬಿರ ಮಾಡಿದ, ಹೆಗ್ಗೋಡಿಗೆ ಹೋಗಿ ನೀನಾಸಂನಲ್ಲಿ ಒಂದು ವರ್ಷ ನೆಲ ಗುಡಿಸಿದ, ದೇಹ ಬಗ್ಗಿಸಿದ, ಷೇಕ್ಸ್‌ಪಿಯರ್ ಮಾಡಿದ, ಬ್ರೆಕ್ಟ್ ಮಾಡಿದ, ಕಂಬಾರರ ನಾಟಕಕ್ಕೆ ಮೇಳ ಹಿಡಿದ. ಊರಿಗೆ ಬಂದಾಗ ಕಟ್ಟೆಯ ಮೇಲಿನ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲಾ ಖರೇನಪಾ. ಟೀವ್ಯಾಗ ಯಾವಾಗ ಬರ್ತಿ?"

ಟೀವಿಯಲ್ಲಿ ಬರಬೇಕಾದರೆ ಬೆಂಗಳೂರಿಗೆ ಹೋಗಬೇಕು. 2023ರ ಜೂನ್ 27ರಿಂದ ಧಾರವಾಡಕ್ಕೆ ವಂದೇ ಭಾರತ್ ರೈಲು ಇದೆ, ಆದರೆ ನಟನಾಗಲು ಹೊರಟವರು ಅದನ್ನು ಹತ್ತುವುದಿಲ್ಲ. ಅದನ್ನು ಹತ್ತುವುದು ನಟರಾದ ಮೇಲೆ, ಸೆಲ್ಫಿ ಸಮೇತ. ಹುಡುಗ ರಾತ್ರಿ ಗಾಡಿಯ ಜನರಲ್ ಬೋಗಿಯಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಗಂಟಿನ ಮೇಲೆ ತಲೆಯಿಟ್ಟು ಹೊರಟ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ರಾಣೆಬೆನ್ನೂರು ಕಳೆದು ತುಂಗಭದ್ರೆ ದಾಟಿ ಹರಿಹರದಲ್ಲಿ ಗಾಡಿ ನಿಂತಾಗ ಅವನು ವಲಸೆಗಾರನಾಗಿದ್ದ. ಅದು ಅವನಿಗೆ ಗೊತ್ತಾದದ್ದು ಮೊದಲ ಆಡಿಷನ್ನಿನಲ್ಲಿ.

"ಹೆಸರು ಹೇಳಿ."

ಹೇಳಿದ. ಎಲ್ಲಿಯವರು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯ ಬೀಳಲಿಲ್ಲ.

"ಓ, ನೀವು ಆ ಕಡೆಯವರಾ?"

"ಹೌದ್ರೀ."

'ರೀ' ಕೇಳಿದ್ದೇ ಕೋಣೆಯಲ್ಲಿದ್ದ ನಾಲ್ವರೂ ನಕ್ಕರು. ಕೆಟ್ಟ ನಗೆಯಲ್ಲ, ಪ್ರೀತಿಯ ನಗೆ. ಬೆಂಗಳೂರಿಗೆ ಉತ್ತರ ಕರ್ನಾಟಕದ ಮೇಲೆ ಎಷ್ಟು ಪ್ರೀತಿ ಎಂದರೆ ನಾವು ಬಾಯಿ ತೆರೆದರೆ ಸಾಕು, ಅದಕ್ಕೆ ನಗು ಬರುತ್ತದೆ. ಸಾವಿನ ಸುದ್ದಿ ಹೇಳಿದರೂ ಬರುತ್ತದೆ.

"ಮ್ಯಾಕ್‌ಬೆತ್ ಮಾಡೀನ್ರೀ ಸರ್, ಒಂದ್ ತುಣುಕು ತೋರಿಸ್ಲೇನ್ರೀ?"

"ಸೂಪರ್. ಕುಡುಕ ಮಾಡ್ತೀರಾ?"

(ಒಂದು ಮಾತು. ಈ ಬರಹವನ್ನು ಗ್ರಾಂಥಿಕ ಕನ್ನಡದಲ್ಲಿ ಬರೆಯುತ್ತಿರುವುದು ಬೇಕೆಂದೇ. ಧಾರವಾಡದ ಮಾತಿನಲ್ಲಿ ಬರೆದರೆ ಸಂಪಾದಕರು ಓದುವ ಮೊದಲೇ ಹಾಸ್ಯ ಪುರವಣಿಗೆ ಕಳಿಸಿಬಿಡುತ್ತಾರೆ.)

ನಮ್ಮ ಕಡೆಯ ನಟನಿಗೆ ಗಾಂಧಿನಗರದಲ್ಲಿ ಕುಡುಕನ ಪಾತ್ರ ಸರಕಾರಿ ಮೀಸಲಾತಿಯಷ್ಟೇ ಭದ್ರ. ಕುಡುಕ ಬೇಡವೆಂದರೆ ಭಿಕ್ಷುಕ, ವಾಚ್‌ಮನ್, ಹೋಟೆಲ್ ಸಪ್ಲೈಯರ್, ಊರಗೌಡನ ಹಿಂದೆ ಕೊಡೆ ಹಿಡಿಯುವವ. ಬೀದರ ಜಿಲ್ಲೆಯ ವೈಜನಾಥ ಬಿರಾದಾರರನ್ನು ನೋಡಿ. ದಶಕಗಳ ಕಾಲ ಕನ್ನಡ ಚಿತ್ರರಂಗ ಅವರಿಗೆ ಧಾರಾಳವಾಗಿ ಕೊಟ್ಟದ್ದು ಒಂದು ಹರಕು ಅಂಗಿ, ಒಂದು ಬಾಟಲಿ, ಒಂದು ತಟ್ಟೆ. 2010ರಲ್ಲಿ ಗಿರೀಶ ಕಾಸರವಳ್ಳಿ 'ಕನಸೆಂಬೋ ಕುದುರೆಯನೇರಿ' ಚಿತ್ರದಲ್ಲಿ ಗುಂಡಿ ತೋಡುವ ಈರ್ಯಾನ ಪಾತ್ರ ಕೊಟ್ಟರು. ಅಮರೇಶ ನುಗಡೋಣಿಯವರ ಕಥೆ, ಮಗ್ಗುಲಲ್ಲಿ ಉಮಾಶ್ರೀ. ಅದನ್ನು ನೋಡಿದ ಸ್ಪೇನ್ ದೇಶದವರು ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಅವರನ್ನು ಶ್ರೇಷ್ಠ ನಟ ಎಂದರು. ಸ್ಪೇನಿನವರಿಗೆ ಕನ್ನಡ ಬಾರದು. ಬಂದಿದ್ದರೆ 'ಆ ಕಡೆಯವರು' ಎಂಬುದು ತಿಳಿದು ನಕ್ಕುಬಿಡುತ್ತಿದ್ದರೋ ಏನೋ. ಭಾಷೆ ಬಾರದ್ದರಿಂದ ನಟನೆ ನೋಡಿದರು.

ಪ್ರಶಸ್ತಿ ತಂದ ಮೇಲೆ ಏನಾಯಿತು? ನಾಯಕನಾಗಲು 2023ರವರೆಗೆ ಕಾಯಬೇಕಾಯಿತು. ಎಪ್ಪತ್ತರ ಆಸುಪಾಸಿನ ನಟ, 500ನೆಯ ಚಿತ್ರ ಎಂದು ಪ್ರಚಾರ. ಚಿತ್ರದ ಹೆಸರು '90 ಹೊಡಿ ಮನೀಗ್ ನಡಿ'. ಮ್ಯಾಡ್ರಿಡ್ ಕೊಟ್ಟದ್ದು ಫಲಕ, ಗಾಂಧಿನಗರ ಕೊಟ್ಟದ್ದು ತೊಂಬತ್ತು ಎಂ.ಎಲ್. ಕ್ವಾರ್ಟರಿನ ಅರ್ಧ.

ರಾಜು ತಾಳಿಕೋಟಿ ಇನ್ನೊಬ್ಬರು. ಕಂಪನಿ ನಾಟಕದ ಧೂಳಿನಲ್ಲೇ ಬೆಳೆದ ಮನುಷ್ಯ. 'ಕಲಿಯುಗದ ಕುಡುಕ' ನಾಟಕದ ಕ್ಯಾಸೆಟ್ಟು ಹಾಕದ ಟ್ರ್ಯಾಕ್ಟರ್, ಕೇಳದ ಪಾನ್ ಅಂಗಡಿ ಕೃಷ್ಣೆಯ ದಂಡೆಯಲ್ಲಿ ಇರಲಿಲ್ಲ. ರಾತ್ರಿಯಿಡೀ ಜನರನ್ನು ನಗಿಸಿ, ನಡುವೆ ಅಳಿಸಿ, ಮತ್ತೆ ನಗಿಸುವ ಆ ಲಯ ಯಾವ ಆ್ಯಕ್ಟಿಂಗ್ ಸ್ಕೂಲಿನಲ್ಲೂ ಸಿಗುವುದಿಲ್ಲ. ಸಿನಿಮಾ ಅವರನ್ನು ಗುರುತಿಸಿದ್ದು 'ಮನಸಾರೆ', 'ಪಂಚರಂಗಿ'ಗಳ ಹೊತ್ತಿಗೆ, ಅದೂ ಹಾವೇರಿ ಸೀಮೆಯ ಯೋಗರಾಜ್ ಭಟ್ಟರ ಕಣ್ಣಿಗೆ ಬಿದ್ದದ್ದರಿಂದ. ಅವರ ಅಳಿಸುವ ಅರ್ಧವನ್ನು ಸಿನಿಮಾ ಮುಟ್ಟಲಿಲ್ಲ, ನಗಿಸುವ ಅರ್ಧವನ್ನಷ್ಟೇ ಬಾಡಿಗೆಗೆ ಪಡೆಯಿತು. ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದಾಗಲೇ, 2025ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಎಂಥ ಕಲಾವಿದ ಎಂದು ಆ ದಿನ ಎಲ್ಲ ಚಾನೆಲ್ಲುಗಳೂ ಹೇಳಿದವು. ಹಿನ್ನೆಲೆಯಲ್ಲಿ ತೋರಿಸಿದ್ದು ಕಾಮಿಡಿ ಸೀನು.

ಇಷ್ಟಕ್ಕೂ ಕನ್ನಡ ಸಿನಿಮಾದಲ್ಲಿ ಮೊದಲು ವಲಸೆ ಹೋದವರು ಯಾರು? ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಕಂಡಿತು. ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಧಾರವಾಡದಿಂದ ಕೊಲ್ಹಾಪುರ ಇನ್ನೂರು ಕಿಲೋಮೀಟರಿನೊಳಗೆ, ಬೆಂಗಳೂರಿನಿಂದ ಆರುನೂರು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಎಲ್ಲರೂ ಗಂಟುಮೂಟೆ ಕಟ್ಟಿ ನಮ್ಮೂರ ಮುಂದಿನಿಂದಲೇ ಹಾದು ಹೋಗಿರಬೇಕು. ಅವರ ಹಳೇ ಮೈಸೂರಿನ ಉಚ್ಚಾರ ಕೇಳಿ ಕೊಲ್ಹಾಪುರದಲ್ಲಿ ಯಾರೂ "ನೀವು ಆ ಕಡೆಯವರಾ, ಹಾಗಾದರೆ ಕುಡುಕ ಮಾಡಿ" ಎನ್ನಲಿಲ್ಲ. ರಾವಣನನ್ನೂ ಇಂದ್ರಜಿತುವನ್ನೂ ಕೊಟ್ಟರು.

ಆ ಕಾಲದಲ್ಲಿ ನಮ್ಮವರ ದಾರಿಯೂ ಅತ್ತಲೇ. ಧಾರವಾಡ ಮುಂಬಯಿ ಸೀಮೆಯಲ್ಲಿತ್ತು, 1956ರ ನವೆಂಬರ್ 1ರವರೆಗೆ. ಹುಬ್ಬಳ್ಳಿಯ ಮಗ್ಗುಲಿನ ಅದರಗುಂಚಿಯಲ್ಲಿ 1914ರಲ್ಲಿ ಹುಟ್ಟಿದ ರಾಜಮ್ಮ ಎಂಬ ಹುಡುಗಿ ನಾಟಕ ಕಂಪನಿ ಸೇರಿ, ಕೊಲ್ಹಾಪುರ ಮುಟ್ಟಿ, ಪುಣೆಯ ಪ್ರಭಾತ್ ಸ್ಟುಡಿಯೋ ಹೊಕ್ಕಳು. 1939ರಲ್ಲಿ ವಿ. ಶಾಂತಾರಾಮ್ ತೆಗೆದ 'ಮಾಣೂಸ್' ಮತ್ತು ಅದರ ಹಿಂದಿ ರೂಪ 'ಆದ್ಮಿ'ಯ ನಾಯಕಿ ಆಕೆಯೇ, ಶಾಂತಾ ಹುಬ್ಳೀಕರ್. ಮನೆಯಲ್ಲಿ ಕನ್ನಡ, ತೆರೆಯ ಮೇಲೆ ಮರಾಠಿ, ಅಡ್ಡಹೆಸರಿನಲ್ಲಿ ಊರು. ಬೀಳಗಿಯ ಅಮೀರಬಾಯಿ, ಗೋಹರಬಾಯಿ ಅಕ್ಕತಂಗಿಯರಿಗೆ ಮುಂಬಯಿ ಇಟ್ಟ ಅಡ್ಡಹೆಸರು ಕರ್ನಾಟಕಿ. ಪರಭಾಷೆಯವರು ಇವರ ಊರನ್ನು ಹೆಸರಿಗೆ ಅಂಟಿಸಿ ಪೋಸ್ಟರಿನಲ್ಲಿ ದೊಡ್ಡದಾಗಿ ಬರೆದರು. ಸ್ವಂತ ಭಾಷೆಯ ರಾಜಧಾನಿ ಊರಿನ ಹೆಸರು ಕೇಳುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಬೀದರದಿಂದ ಹಾವೇರಿಯವರೆಗಿನ ಇಡೀ ಭೂಗೋಳಕ್ಕೆ ಅದರ ನಕಾಶೆಯಲ್ಲಿ ಒಂದೇ ಹೆಸರು: ಆ ಕಡೆ.

ಮುಂಬಯಿ-ಪುಣೆಯನ್ನು ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಶಾಂತಾ ಹುಬ್ಳೀಕರ್ ಮುಪ್ಪು ಕಳೆದದ್ದು ವೃದ್ಧಾಶ್ರಮದಲ್ಲಿ. ಆತ್ಮಕಥೆ ಬರೆದದ್ದು ಮರಾಠಿಯಲ್ಲಿ. 1992ರಲ್ಲಿ ತೀರಿಕೊಂಡರು. ಹುಬ್ಬಳ್ಳಿಯಲ್ಲಿ ನಿಂತು ಅವರ ಹೆಸರು ಹೇಳಿ ನೋಡಿ, ಯಾವ ಓಣಿಯ ಹುಬ್ಳೀಕರ್ ಎಂದು ಕೇಳುತ್ತಾರೆ. ನಾವೂ ಕಡಿಮೆಯವರಲ್ಲ.

ಕನ್ನಡ ನೆಲದಿಂದ ಎಲ್ಲರಿಗಿಂತ ದೂರ ಹೋದ ನಟ ಮೈಸೂರು ಸೀಮೆಯ ಕಾರಾಪುರದವನು. 1924ರಲ್ಲಿ ಹುಟ್ಟಿದ ಮಾವುತನ ಮಗ, ಸಾಬು. ಅಪ್ಪ ಸತ್ತ ಮೇಲೆ ಮಹಾರಾಜರ ಆನೆ ಲಾಯದಲ್ಲಿ ಬೆಳೆಯುತ್ತಿದ್ದ ಹುಡುಗನನ್ನು ರಾಬರ್ಟ್ ಫ್ಲಾಹರ್ಟಿಯ ಸಿನಿಮಾ ತಂಡ ಕಂಡಿತು. 1937ರಲ್ಲಿ 'ಎಲಿಫೆಂಟ್ ಬಾಯ್' ಬಂತು. ಹುಡುಗ ಲಂಡನ್ನಿಗೆ ಹೋದ, ಅಲ್ಲಿಂದ ಹಾಲಿವುಡ್ಡಿಗೆ. 'ದಿ ಥೀಫ್ ಆಫ್ ಬಾಗ್ದಾದ್' 1940ರಲ್ಲಿ, 'ಜಂಗಲ್ ಬುಕ್' 1942ರಲ್ಲಿ. ಕಥೆ ಬಾಗ್ದಾದಿನದಿರಲಿ, ದಕ್ಷಿಣ ಸಮುದ್ರದ ನಡುಗಡ್ಡೆಯದಿರಲಿ, ಕಾಡಿನದಿರಲಿ, ಕ್ಯಾಮೆರಾ ಶುರುವಾಗುವ ಮೊದಲು ಅವನ ಅಂಗಿ ಬಿಚ್ಚಿಸುತ್ತಿದ್ದರು. 1944ರಲ್ಲಿ ಅಮೆರಿಕದ ಪ್ರಜೆಯಾದ. ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿದ, ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಗಳಿಸಿದ. ಎದೆಗೆ ಪದಕ ಚುಚ್ಚಿಕೊಂಡು ಸ್ಟುಡಿಯೋಕ್ಕೆ ಮರಳಿದವನಿಗೆ ಹಾಲಿವುಡ್ ಹೇಳಿದ್ದು ಅದೇ: ಸಂತೋಷ, ಅಂಗಿ ಬಿಚ್ಚು. ಆನೆಯ ಜೊತೆ ಶುರುವಾದ ವೃತ್ತಿ ಡಿಸ್ನಿಯ 'ಎ ಟೈಗರ್ ವಾಕ್ಸ್' ಚಿತ್ರದಲ್ಲಿ ಹುಲಿಯ ಜೊತೆ ಮುಗಿಯಿತು. ಅದು 1964ರಲ್ಲಿ ತೆರೆಕಾಣುವ ಮೊದಲೇ, 1963ರ ಡಿಸೆಂಬರಿನಲ್ಲಿ, 39ನೆಯ ವಯಸ್ಸಿಗೆ ಸಾಬು ಇಲ್ಲವಾಗಿದ್ದ. ನಡುವೆ ಬಡ್ತಿ ಏನಾದರೂ ಸಿಕ್ಕಿದ್ದರೆ ಪ್ರಾಣಿಯಿಂದ ಪ್ರಾಣಿಗೆ.

ಬೇಸರಪಡುವ ಮುಂಚೆ ನಮ್ಮದನ್ನೂ ಕೇಳಿ. ಮೆಹಬೂಬ್ ಖಾನ್ 'ಮದರ್ ಇಂಡಿಯಾ' ಯೋಚಿಸುವಾಗ ಬಿರ್ಜುವಿನ ಪಾತ್ರಕ್ಕೆ ಮೊದಲು ಹುಡುಕಿದ್ದು ಸಾಬುವನ್ನು. ಸಾಬು ಮುಂಬಯಿಗೆ ಬಂದ. ಇಲ್ಲಿ ಕೆಲಸ ಮಾಡಲು ಪರವಾನಗಿ ಬೇಕಲ್ಲ, ಅದರ ತೊಡಕು ಬಿಡಿಸಲಾಗಲಿಲ್ಲ. ಕಾರಾಪುರದಲ್ಲಿ ಹುಟ್ಟಿದವನಿಗೆ ಭಾರತಮಾತೆಯ ಮಗನಾಗಲು ಪರ್ಮಿಟ್ ಸಿಗಲಿಲ್ಲ. ಪಾತ್ರ ಸುನೀಲ್ ದತ್ತ್ ಪಾಲಾಯಿತು. ಅದೇ ಸುನೀಲ್ ದತ್ತ್ ಮುಂದೆ ನಿರ್ಮಾಪಕನಾಗಿ 'ಮನ್ ಕಾ ಮೀತ್' ತೆಗೆದಾಗ ಧಾರವಾಡದ ಲೀನಾ ಚಂದಾವರಕರಳನ್ನು ನಾಯಕಿಯಾಗಿ ತೆರೆಗೆ ತಂದರು. ಕರ್ನಾಟಕದಿಂದ ಪಡೆದದ್ದನ್ನು ಕರ್ನಾಟಕಕ್ಕೇ ತೀರಿಸಿದರು ಎಂದು ಖುಷಿಪಡಲು ಅಡ್ಡಿಯಿಲ್ಲ, ಸಾಬುವಿಗೆ ಅದರಿಂದ ಏನೂ ಆಗಲಿಲ್ಲ.

ರಾಜ್ಯದ ಗಡಿ ದಾಟಿದ ಕನ್ನಡಿಗನ ಪಾಡು ಇನ್ನೂ ವಾಸಿ. ಬೆಳಗಾವಿಯ ಚರಣ್ ರಾಜ್ 1985ರಲ್ಲಿ ತೆಲುಗಿನ 'ಪ್ರತಿಘಟನ'ದಲ್ಲಿ ಖಳನಾಗಿ ಆಂಧ್ರವನ್ನೇ ಹೆದರಿಸಿದರು. ಬೆಂಗಳೂರಿನ ಪ್ರಕಾಶ್ ರೈ ದೂರದರ್ಶನದ ಧಾರಾವಾಹಿ ಮಾಡಿಕೊಂಡಿದ್ದವರು ಮದ್ರಾಸಿಗೆ ಹೋದರು. 1994ರ 'ಡ್ಯುಯೆಟ್'ನಲ್ಲಿ ಬಾಲಚಂದರ್ ರೈಯನ್ನು ರಾಜ್ ಮಾಡಿ ಖಳನ ಪಾತ್ರ ಕೊಟ್ಟರು. ಹೀಗೆ ಗಡಿ ದಾಟಿದವನಿಗೆ ಖಳ, ತುಂಗಭದ್ರೆ ದಾಟಿದವನಿಗೆ ಕುಡುಕ. ಖಳನಿಗೆ ಕನಿಷ್ಠ ಇಸ್ತ್ರಿ ಮಾಡಿದ ಅಂಗಿ ಇರುತ್ತದೆ.

ಅದೇ ಪ್ರಕಾಶ್ ರೈ 1997ರಲ್ಲಿ ಕಾರ್ನಾಡರ 'ನಾಗಮಂಡಲ' ಸಿನಿಮಾ ಆದಾಗ ನಮ್ಮ ಕಡೆಯ ಮಾತಾಡಿದರು. ನಾಗಾಭರಣರ ಚಿತ್ರ. ಚೆನ್ನಾಗಿ ಮಾಡಿದರು, ತಕರಾರಿಲ್ಲ. ನಟನೆ ಎಂದರೆ ಅದೇ ತಾನೆ, ತನ್ನದಲ್ಲದ ಬಾಯನ್ನು ತನ್ನದು ಮಾಡಿಕೊಳ್ಳುವುದು. ನನ್ನ ತಕರಾರು ಈ ರಸ್ತೆ ಒನ್ ವೇ ಯಾಕಾಯಿತು ಎಂಬುದರ ಬಗ್ಗೆ. ಬೆಂಗಳೂರಿನವ "ಹೌದಲೇ" ಎಂದರೆ ಪಾತ್ರದೊಳಗೆ ಹೊಕ್ಕ ಎನ್ನುತ್ತಾರೆ. ಅಮ್ಮಿನಬಾವಿಯವ "ಹೌದು ಕಣೋ" ಎಂದರೆ ಸ್ಲ್ಯಾಂಗ್ ಪ್ರಾಬ್ಲಂ ಎನ್ನುತ್ತಾರೆ. ಮೊದಲನೆಯವನಿಗೆ ಪ್ರಶಸ್ತಿ, ಎರಡನೆಯವನಿಗೆ ಡಬ್ಬಿಂಗ್ ಆರ್ಟಿಸ್ಟ್.

ಹುಡುಗ ಟೀವಿಯ ಬಾಗಿಲೂ ತಟ್ಟಿದ. ಈಟೀವಿ ಕನ್ನಡದಲ್ಲಿ ವೈಶಾಲಿ ಕಾಸರವಳ್ಳಿ 'ಮೂಡಲ ಮನೆ' ಮಾಡಿದ ದಿನಗಳಲ್ಲಿ ನಮ್ಮ ಮಾತನ್ನು ನಗಿಸುವುದಕ್ಕಲ್ಲದೆ ಬದುಕುವುದಕ್ಕೂ ಬಳಸುತ್ತಾರೆ ಎಂಬುದನ್ನು ಇಡೀ ರಾಜ್ಯ ರಾತ್ರಿ ಊಟ ಬಿಟ್ಟು ನೋಡಿತ್ತು. ಈಗಿನ ಧಾರಾವಾಹಿಯ ಮನೆಗಳು ಬೇರೆ. ಅಲ್ಲಿ ಅತ್ತೆ ಮಲಗುವಾಗಲೂ ರೇಷ್ಮೆ ಸೀರೆ ಉಡುತ್ತಾಳೆ, ಎಲ್ಲರೂ ಯಾವ ಜಿಲ್ಲೆಯದ್ದೂ ಅಲ್ಲದ ಕನ್ನಡ ಮಾತಾಡುತ್ತಾರೆ. ಊರು ಗೊತ್ತಾಗುವ ಕನ್ನಡ ಬೇಕಾದರೆ ಅಡುಗೆಯವನನ್ನು ಕರೆಯುತ್ತಾರೆ. ಅಡುಗೆಯವನ ಪಾತ್ರ ಹುಡುಗನಿಗೆ ಸಿಕ್ಕಿತು. ಸಂಭಾಷಣೆ: "ಊಟಕ್ಕ ಬರ್ರೀ." ಏಳನೆಯ ಕಂತಿಗೆ ಆ ಮನೆಯವರು ಹೊರಗೆ ಊಟ ಮಾಡಲು ಶುರುಮಾಡಿದರು.

ರಿಯಾಲಿಟಿ ಶೋದವರೂ ಕರೆದರು. ಅಲ್ಲಿ 'ಆ ಕಡೆಯವರಿಗೆ' ನಿಜಕ್ಕೂ ಬೆಲೆಯಿದೆ. ಹಾವೇರಿ ಜಿಲ್ಲೆಯ ಕುರಿ ಕಾಯುವ ಹುಡುಗ ಹನುಮಂತ ಲಮಾಣಿ ಲುಂಗಿ ಉಟ್ಟು ಬಂದು ಹಾಡಿ ಮನೆಮಾತಾದ, 2025ರ ಜನವರಿಯಲ್ಲಿ ಬಿಗ್ ಬಾಸ್ ಹನ್ನೊಂದನೆಯ ಆವೃತ್ತಿಯನ್ನೂ ಗೆದ್ದ. ಗೆದ್ದದ್ದು ಅವನ ಕಂಠ, ಅವನ ಚಾಣಾಕ್ಷತನ. ಚಾನೆಲ್ಲುಗಳು ಕಲಿತ ಪಾಠ ಲುಂಗಿಯದು. ಅಮ್ಮಿನಬಾವಿಯ ಹುಡುಗ ಜೀನ್ಸ್ ಹಾಕಿಕೊಂಡು ಹೋದದ್ದಕ್ಕೆ ಸಂಯೋಜಕಿಗೆ ನಿರಾಸೆಯಾಯಿತು.

"ನೀವು ಮುಗ್ಧ ಅನಿಸ್ತಿಲ್ಲ."

"ಎಂ.ಎ. ಮಾಡೀನ್ರೀ ಮೇಡಂ."

"ಅದನ್ನ ಎಲ್ಲೂ ಹೇಳ್ಬೇಡಿ. ಮನೇಲಿ ಕುರಿ ಇದ್ಯಾ?"

"ಇಲ್ರೀ. ಅಪ್ಪ ಕೋ-ಆಪರೇಟಿವ್ ಸೊಸೈಟ್ಯಾಗ ಸೆಕ್ರೆಟರಿ ಇದ್ದಾರ್ರೀ."

"ಬಡತನ? ಸಾಲ? ಯಾರಾದ್ರೂ ತೀರಿಕೊಂಡಿದ್ದಾರಾ?"

ಹುಡುಗ ಸತ್ಯವಂತ. ಅಜ್ಜಿ ತೊಂಬತ್ತರಲ್ಲಿ ಆರಾಮಾಗಿದ್ದಾಳೆ ಎಂದ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಅಂದು ರಾತ್ರಿ ಊರಿಗೆ ಫೋನ್ ಹಚ್ಚಿ ಅಜ್ಜಿಯ ಆರೋಗ್ಯ ವಿಚಾರಿಸಿದ ಎಂಬ ಮಾತಿದೆ. ನಾನು ನಂಬುವುದಿಲ್ಲ.

ಕೊನೆಗೆ ಭಾಗ್ಯ ತೆರೆಯಿತು. ಅಪ್ಪಟ ಧಾರವಾಡದ ನಾಯಕನ ಕಥೆಯಿರುವ ಸಿನಿಮಾ, ಅಪ್ಪಟ ಉತ್ತರ ಕರ್ನಾಟಕದ ಯುವಕ ಬೇಕು ಎಂಬ ಜಾಹೀರಾತು. ಹುಡುಗ ಹೋದ, ಓದಿದ, ಕೋಣೆ ಮೌನವಾಯಿತು. ನಿರ್ದೇಶಕ ಎದ್ದು ಬಂದು ಕೈ ಹಿಡಿದ. "ಏನ್ ಫ್ಲೇವರ್ ಗುರು! ನೀನು ನಮ್ಮ ಜೊತೆಗಿರಬೇಕು." ಇದ್ದ. ಭಾಷಾ ತರಬೇತುದಾರನಾಗಿ. ನಾಯಕನ ಪಾತ್ರಕ್ಕೆ ಬೆಂಗಳೂರಿನ ಜಿಮ್ಮೊಂದರಿಂದ ಇನ್ನೊಬ್ಬ ಬಂದಿದ್ದ. ಅವನಪ್ಪನೂ ಪೆಂಡಾಲಿನ ಖರ್ಚು ಹೊತ್ತಿದ್ದ, ಪೆಂಡಾಲು ಸ್ವಲ್ಪ ದೊಡ್ಡದು.

ತರಬೇತಿ ತಿಂಗಳುಗಟ್ಟಲೆ ನಡೆಯಿತು. ನಾಯಕ ನಾಯಕಿಗೆ ಪ್ರೀತಿ ನಿವೇದಿಸುವ ದೃಶ್ಯ. ನಿಮ್ಮ ಕಡೆ ಐ ಲವ್ ಯೂ ಹೇಗೆ ಹೇಳ್ತಾರೆ ಎಂದು ನಿರ್ದೇಶಕ ಕೇಳಿದ.

"ಹಂಗ ಯಾರೂ ಅನ್ನೂದಿಲ್ರೀ. ಸಂಜಿಮುಂದ ಭೆಟ್ಟಿಯಾದ್ರ, 'ಉಂಡಿಯೇನು?' ಅಂತಾರ. ಆಕಿ ಹೂಂ ಅಂದ್ರೂ ಇವಾ ಅಲ್ಲೇ ನಿಂತಿರ್ತಾನ. ಅಷ್ಟ."

ನಿರ್ದೇಶಕ ಒಂದು ಗಳಿಗೆ ಯೋಚಿಸಿದ. ಅದು ಅವನಿಗೆ ತಾಗಿತ್ತು, ಸುಳ್ಳು ಹೇಳಬಾರದು. ಆಮೇಲೆ ಹೇಳಿದ: "ಚೆನ್ನಾಗಿದೆ ಗುರು, ಪಂಚ್ ಇಲ್ಲ. ಮೊದಲಿಗೊಂದು 'ಲೇ ಮಗನ' ಹಾಕು, ಕೊನೆಗೊಂದು 'ಹುಲಿಯಾ' ಹಾಕು."

"ಹುಡುಗಿಗೇನ್ರೀ?"

"ಮಾಸ್ ಕೇಳುತ್ತೆ."

ಹುಡುಗ ಹಾಕಿಕೊಟ್ಟ. ರೂಮಿನ ಬಾಡಿಗೆ ಕೊಡುವ ದಿನ ಹತ್ತಿರ ಬಂದಿತ್ತು.

ಟ್ರೇಲರ್ ಬಿಡುಗಡೆ ಹುಬ್ಬಳ್ಳಿಯಲ್ಲಿ ಆಯಿತು. ನಾಯಕ ವೇದಿಕೆಗೆ ಹಾರಿ ಬಂದು, ಉತ್ತರ ಕರ್ನಾಟಕದ ಮಂದಿಗೆ ಉದ್ದಂಡ ಬಿದ್ದು, ಕಲಿತ ಮೂರು ಮಾತು ಎಸೆದ. ಮೈದಾನವಿಡೀ ಎದ್ದು ನಿಂತಿತು. ಶಿಳ್ಳೆ ಹೊಡೆದವರಲ್ಲಿ ಅಮ್ಮಿನಬಾವಿಯಿಂದ ಟಂಟಂ ಮಾಡಿಕೊಂಡು ಬಂದ ದಂಡೂ ಇತ್ತು. ವೇದಿಕೆಯ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ ಹುಡುಗನನ್ನು ಅವರಲ್ಲೊಬ್ಬ, ಜಾತ್ರೆಯ ನಾಟಕದಲ್ಲಿ ಅವನನ್ನು ಎರಡು ಸಲ ಕೊಂದಿದ್ದ ಗೆಳೆಯ, ಗುರುತು ಹಿಡಿದು ಓಡಿ ಬಂದು ಅಪ್ಪಿಕೊಂಡ. ಆಮೇಲೆ ವೇದಿಕೆಯ ಕಡೆ ಬೆರಳು ಮಾಡಿ ಕೇಳಿದ:

"ಲೇ, ಅಂವಾ ಯಾವೂರಾಂವೋ? ನಮ್ಮ ಮಾತು ನಿನಗಿಂತ ಚಲೋ ಆಡ್ತಾನಲೇ!"